ಏಳು ಗಿಡ್ಡ, ಒಂದು ಉದ್ದ

ಸೈನಿಕರ ಆಸ್ಪತ್ರೆಯಲ್ಲಿ ನಾನು ಬಟ್ಟೆ ಒಗೆಯುತ್ತೇನೆ. ಯುದ್ಧಕ್ಕೆ ಹೋಗಿ ಬಂದವರಿಗೆ ಮಾತ್ರ ಅಲ್ಲಿ ಹಾಸಿಗೆ. ನನ್ನ ಅಪ್ಪನೂ ಯುದ್ಧಕ್ಕೆ ಹೋಗಿ ಬಂದವನೇ. ಅವನಿಗೆ ಅಲ್ಲಿ ಹಾಸಿಗೆ ಇಲ್ಲ. ಕಥೆ ಇಷ್ಟೇ. ಉಳಿದದ್ದು ವಿವರ.

ಅಪ್ಪ ಸರಕು ಹಡಗಿನಲ್ಲಿ ಒಲೆಯವನಾಗಿದ್ದ. ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಬಾಯ್ಲರಿನ ಒಲೆಗಳಿಗೆ ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುವ ಕೆಲಸ. ಎಸೆದ ಕಲ್ಲಿದ್ದಲು ಸುಟ್ಟು ಗಟ್ಟಿಯಾದಾಗ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆಯಬೇಕು, ಕೆಂಪಗಿರುವಾಗಲೇ ಹೊರಗೆ ಎಳೆಯಬೇಕು, ನೀರು ಹೊಯ್ಯಬೇಕು. ನೀರು ಹೊಯ್ದಾಗ ಏಳುವ ಹೊಗೆಯನ್ನು ನುಂಗಬೇಕು. ಕಾಲಡಿಯ ತಗಡು ಕಾದಿರುತ್ತದೆ. ಹಡಗು ಓಲಾಡಿದರೆ ಕೈ ಊರಲು ಸಿಗುವುದೆಲ್ಲ ಬಿಸಿ ಕಬ್ಬಿಣವೇ. ಬೆವರು ಕಣ್ಣಿಗೆ ಇಳಿಯದಿರಲು ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಮೂಗಿಗೆ ಏನೂ ಕಟ್ಟಿಕೊಳ್ಳುತ್ತಿರಲಿಲ್ಲ. ಕಟ್ಟಿಕೊಂಡರೆ ಉಸಿರು ಸಾಲುತ್ತಿರಲಿಲ್ಲ.

ಯುದ್ಧದಲ್ಲಿ ಆ ಹಡಗು ಸೈನ್ಯಕ್ಕೆ ಗೋಧಿ, ಗುಂಡು, ಬೂಟು, ಕಂಬಳಿ ಸಾಗಿಸಿತು. ಸೈನಿಕರ ಕೈಯಲ್ಲಿ ಬಂದೂಕಿತ್ತು, ಅಪ್ಪನ ಕೈಯಲ್ಲಿ ಸಲಿಕೆ. ಶತ್ರುವಿನ ಟಾರ್ಪಿಡೋ ಈ ವ್ಯತ್ಯಾಸವನ್ನು ಗಮನಿಸಲಿಲ್ಲ. ಆಸ್ಪತ್ರೆ ಗಮನಿಸಿತು. ಅಪ್ಪನ ಶ್ವಾಸಕೋಶ ಕೈಕೊಟ್ಟಾಗ ಅವನನ್ನು ನಾನು ಅಲ್ಲಿಗೇ ಕರೆದೊಯ್ದೆ. ಕೌಂಟರಿನಲ್ಲಿದ್ದ ಗುಮಾಸ್ತ ನನ್ನನ್ನು ದಿನಾ ನೋಡುವವನೇ. ನಿಮ್ಮಪ್ಪ ಸೈನಿಕ ಅಲ್ಲಮ್ಮ, ಕೂಲಿ, ಹಡಗಿನ ಕಂಪನಿಯವರನ್ನು ಹೋಗಿ ಕೇಳಿ ಎಂದ. ಕಂಪನಿ ಯಾವತ್ತೋ ಮುಳುಗಿತ್ತು. ತನ್ನ ಹಡಗುಗಳಿಗಿಂತ ಸ್ವಲ್ಪ ತಡವಾಗಿ ಮುಳುಗಿತು, ಅಷ್ಟೇ.

ಊರಿನ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಒಂದು ಹಾಸಿಗೆಗೆ ಇಬ್ಬರು, ಹಾಸಿಗೆಯ ಕೆಳಗೆ ಮತ್ತೊಬ್ಬ. ಇಡೀ ವಾರ್ಡಿಗೆ ಒಂದೇ ಆಕ್ಸಿಜನ್ ಸಿಲಿಂಡರು. ಅದು ಸರದಿಯ ಮೇಲೆ ಬರುತ್ತಿತ್ತು. ಅಪ್ಪನ ಸರದಿ ಬರುವಷ್ಟರಲ್ಲಿ ಅವನ ತುಟಿ ನೀಲಿಯಾಗಿರುತ್ತಿತ್ತು. ಸೈನಿಕರ ಆಸ್ಪತ್ರೆಯಲ್ಲಿ ಪ್ರತಿ ಹಾಸಿಗೆಯ ತಲೆದೆಸೆಗೂ ಗೋಡೆಯಿಂದಲೇ ಆಕ್ಸಿಜನ್ ಬರುವ ನಳಿಗೆಯಿದೆ. ಆ ಹಾಸಿಗೆಗಳ ಬೆಡ್‌ಶೀಟುಗಳನ್ನು ನಾನು ಒಗೆಯುತ್ತೇನೆ. ರಕ್ತ, ಕೀವು, ವಾಂತಿ, ಉಚ್ಚೆ. ಕುದಿಯುವ ಕೊಪ್ಪರಿಗೆಯಿಂದ ಕೋಲಿನಲ್ಲಿ ಎತ್ತಿ, ಹಿಂಡಿ, ನೀಲಿ ಹಾಕಿ, ಇಸ್ತ್ರಿ ಮಾಡುತ್ತೇನೆ. ಬ್ಲೀಚಿಂಗ್ ಪುಡಿಯಿಂದ ನನ್ನ ಬೆರಳ ತುದಿಗಳು ಬಿರುಕು ಬಿಟ್ಟಿವೆ. ಇಷ್ಟು ಬೆಳ್ಳಗೆ ಒಗೆದು ಯಾರ್ಯಾರನ್ನೋ ಮಲಗಿಸುತ್ತೇನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೂ ಬೆಳ್ಳಗೇ ಒಗೆಯುತ್ತಿದ್ದೆ.

ಅಪ್ಪನ ಹಾಗೆ ಯುದ್ಧದ ಕಾಲದಲ್ಲಿ ಸರಕು ಹಡಗುಗಳಲ್ಲಿ ದುಡಿದ ಮುದುಕರದ್ದೊಂದು ಸಂಘವಿದೆ. ಬಂದರಿನ ಹತ್ತಿರ, ಹಗ್ಗದ ಅಂಗಡಿಯ ಮೇಲಿನ ಕೋಣೆ. ಒಂದು ಬೆಂಚು, ಕಾಲು ಕುಂಟುವ ಮೇಜು, ಒಂದು ಸ್ಟೋವು. ಅಲ್ಲಿ ಇಬ್ಬರು ನನಗೆ ಹುಟ್ಟಿದಾಗಿನಿಂದ ಗೊತ್ತು. ಒಬ್ಬ ಮೇಸ್ತ್ರಿ ದೊಡ್ಡಪ್ಪ, ಒಲೆಯವರ ಮೇಲೆ ಮೇಸ್ತ್ರಿಯಾಗಿದ್ದವನು. ಇನ್ನೊಬ್ಬ ಹಡಗಿನ ಅಡುಗೆಯವನು. ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದನಂತೆ. ಅವನನ್ನು ಎಲ್ಲರೂ ಸಪ್ಪೆ ಎನ್ನುತ್ತಾರೆ. ನನಗೆ ಸಪ್ಪೆ ಚಿಕ್ಕಪ್ಪ.

ಇವರಲ್ಲಿ ಒಂದು ಪದ್ಧತಿಯಿದೆ. ಎಲ್ಲಿಗೇ ಹೋಗಲಿ, ಹೊರಬಿದ್ದ ಮೇಲೆ ತಲೆ ಎಣಿಸುತ್ತಾರೆ. ಒಂದು ತಲೆ ಕಡಿಮೆಯಾದರೆ ಯಾರಾದರೂ ಒಳಗೆ ಹೋಗಲೇಬೇಕು. ಒಮ್ಮೆ ಸಪ್ಪೆ ಚಿಕ್ಕಪ್ಪ ಬಸ್ ನಿಲ್ದಾಣದ ಪಾಯಖಾನೆಯಲ್ಲಿದ್ದಾಗ ಮುದುಕರೆಲ್ಲ ಬಸ್ಸಿನ ಮುಂದೆ ಅಡ್ಡ ನಿಂತು ಡ್ರೈವರನಿಂದ ಬೈಸಿಕೊಂಡಿದ್ದರು. ಇದು ಬಂದದ್ದು ಅಪ್ಪನ ಹಡಗಿನಿಂದ. ಹಡಗು ಬಿಟ್ಟು ಹೊರಡಿ ಎನ್ನಲು ಸೈರನ್ ಕೂಗುತ್ತಾರೆ. ಏಳು ಗಿಡ್ಡ, ಒಂದು ಉದ್ದ. ಒಲೆಗಳ ಗದ್ದಲದಲ್ಲಿ ಕೆಳಗಿನವರಿಗೆ ಅದು ಕೇಳುವುದಿಲ್ಲ. ಯಾರಾದರೂ ಏಣಿ ಇಳಿದು ಬಂದು ಹೇಳಬೇಕು. ಟಾರ್ಪಿಡೋ ಬಡಿದ ದಿನ ಅಪ್ಪನ ಹಡಗಿನಲ್ಲಿ ಯಾರೂ ಇಳಿದು ಬರಲಿಲ್ಲ. ಬೂದಿ ಸುರಿಯಲು ಮೇಲೆ ಬಂದಿದ್ದ ಅಪ್ಪ ಬದುಕಿದ. ವಾಪಸು ಏಣಿಯ ಬಾಯಿಗೆ ಓಡಿದಾಗ ಅಧಿಕಾರಿಗಳು ಕಬ್ಬಿಣದ ಬಾಗಿಲು ಹಾಕಿಸಿಯಾಗಿತ್ತು. ಅಪ್ಪನ ಜೊತೆಗಾರ ಕೆಳಗೇ ಉಳಿದ. ಇದನ್ನು ನನಗೆ ಹೇಳಿದವನು ಮೇಸ್ತ್ರಿ ದೊಡ್ಡಪ್ಪ. ಅಪ್ಪ ಹೇಳಿದವನಲ್ಲ.

ಹೀಗಿರುವಾಗ ಒಂದು ದಿನ ಸರ್ಕಾರದ ಅಧಿಕಾರಿಯೊಬ್ಬ ಸಂಘದ ಮೆಟ್ಟಿಲು ಹತ್ತಿ ಬಂದ. ಸಮಾರಂಭಗಳನ್ನು ನಡೆಸುವುದೇ ಅವನ ಕೆಲಸ. ಬಹಳ ವಿನಯ. ಬೆಂಚಿನ ಧೂಳನ್ನು ಒರೆಸದೇ ಕುಳಿತ. ಯುದ್ಧದಲ್ಲಿ ಸರಕು ಹಡಗಿನವರು ಸಲ್ಲಿಸಿದ ಸೇವೆಗೆ ಗೌರವ ಸಲ್ಲಿಸಲು ಸರ್ಕಾರ ತೀರ್ಮಾನಿಸಿದೆ, ತಡವಾಯಿತು ನಿಜ, ಆದರೆ ದೇಶ ಮರೆತಿಲ್ಲ ಎಂದ.

"ಮರೀದೇನೇ ಇಷ್ಟು ತಡ ಮಾಡೋದಕ್ಕೆ ಬಹಳ ನೆನಪಿನ ಶಕ್ತಿ ಬೇಕು ಸ್ವಾಮಿ" ಎಂದ ಸಪ್ಪೆ ಚಿಕ್ಕಪ್ಪ. ಅಧಿಕಾರಿ ಅದನ್ನು ಹೊಗಳಿಕೆ ಎಂದು ತೆಗೆದುಕೊಂಡ.

ಎಲ್ಲರಿಗೂ ಪದಕ. ಮಂತ್ರಿಗಳ ಭಾಷಣ. ಭಾಷಣ ಮುಗಿದ ಮೇಲೆ ಮಂತ್ರಿಗಳು ನೇರವಾಗಿ ಸೈನಿಕರ ಆಸ್ಪತ್ರೆಗೆ ಹೋಗಿ ಸರಕು ಹಡಗಿನವರಿಗೆಂದು ಮೀಸಲಾದ ಹಾಸಿಗೆಯನ್ನು ಉದ್ಘಾಟಿಸುತ್ತಾರೆ. ಹಾಸಿಗೆಗಳೋ ಹಾಸಿಗೆಯೋ ಎಂದು ಮೇಸ್ತ್ರಿ ದೊಡ್ಡಪ್ಪ ಕೇಳಿದ. ಸದ್ಯಕ್ಕೆ ಒಂದು ಎಂದ ಅಧಿಕಾರಿ. ಅವನು ಮೆಟ್ಟಿಲಿಳಿಯುವ ಮೊದಲೇ ಆ ಒಂದು ಯಾರಿಗೆ ಎಂದು ಕೋಣೆಯಲ್ಲಿ ತೀರ್ಮಾನವಾಗಿತ್ತು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಕೆಮ್ಮುತ್ತಿದ್ದ.

ಸರಕು ಹಡಗಿನವರಿಗೆ ಸಮವಸ್ತ್ರ ಇರಲಿಲ್ಲ. ಸಮವಸ್ತ್ರ ಇಲ್ಲದಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಅಧಿಕಾರಿ ನೀಲಿ ಕೋಟುಗಳನ್ನು ಬಾಡಿಗೆಗೆ ತರಿಸಿದ. ವಾದ್ಯದ ತಂಡದವರ ಕೋಟುಗಳು. ಗುಂಡಿಗಳ ಮೇಲೆ ತುತ್ತೂರಿಯ ಚಿತ್ರ. ಅಪ್ಪನ ಕೋಟಿನೊಳಗೆ ಇನ್ನೊಬ್ಬ ಅಪ್ಪ ಹಿಡಿಯುತ್ತಿದ್ದ.

ಆಸ್ಪತ್ರೆಯಲ್ಲಿ ಆ ಹಾಸಿಗೆಯನ್ನು ನಾನೇ ಹಾಸಿದೆ. ಮೂಲೆಗಳನ್ನು ಬಿಗಿಯಾಗಿ ಮಡಚಿದೆ. ತಲೆದೆಸೆಯ ನಳಿಗೆಯನ್ನು ಮುಟ್ಟಿ ನೋಡಿದೆ. ಹಾಸಿಗೆಯ ಸುತ್ತ ಕೆಂಪು ರಿಬ್ಬನ್ ಕಟ್ಟಿದರು. ನನಗೆ ಖುಷಿಯಾಗಿತ್ತು. ಸುಳ್ಳು ಹೇಳುವುದಿಲ್ಲ, ಅಧಿಕಾರಿಯ ಮೇಲೆ ಪ್ರೀತಿಯೂ ಬಂದಿತ್ತು.

ಸಮಾರಂಭ ನಡೆದದ್ದು ಬಂದರಿನ ಹಳೆಯ ಗೋದಾಮಿನಲ್ಲಿ. ಈಗ ಅದು ಸಭಾಂಗಣ. ಮುಂದಿನ ಸಾಲುಗಳಲ್ಲಿ ನೌಕಾಪಡೆಯವರು, ಅವರ ಹೆಂಡತಿಯರು. ಅವರ ಹಿಂದೆ ವರ್ತಕರು. ಅವರ ಹಿಂದೆ ವಾದ್ಯದವರು. ವಾದ್ಯದವರ ಹಿಂದೆ, ಗೋಡೆಗೆ ತಾಗಿ, ವಾದ್ಯದವರ ಕೋಟು ಹಾಕಿಕೊಂಡ ನಮ್ಮವರು. ಗೌರವ ಯಾರಿಗೆ ಎಂದು ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ಮನೆಯವರನ್ನು ಮೇಲಿನ ಗ್ಯಾಲರಿಗೆ ಹತ್ತಿಸಿದ್ದರು. ನಾನು ಅಲ್ಲಿಂದ ಅಪ್ಪನ ನೆತ್ತಿ ನೋಡುತ್ತಿದ್ದೆ.

ಮೊದಲು ದೀಪ ಆರಿಸಿ ಒಂದು ಸಣ್ಣ ಚಿತ್ರ ತೋರಿಸಿದರು. ಅಲೆಗಳು, ಹಡಗುಗಳು, ಹೊಗೆ. ಹಡಗಿನ ವಾತಾವರಣ ಬರಲಿ ಎಂದು ಯಾರಿಗೋ ಹೊಳೆದಿರಬೇಕು. ಚಿತ್ರದ ಜೊತೆಗೆ ಒಂದು ಧ್ವನಿಯನ್ನೂ ಹಾಕಿದ್ದರು. ದೊಡ್ಡ ಸ್ಪೀಕರುಗಳು. ಸೈರನ್ ಕೂಗಿತು. ಏಳು ಗಿಡ್ಡ, ಒಂದು ಉದ್ದ.

ಹಿಂದಿನ ಸಾಲುಗಳಲ್ಲಿ ಕುರ್ಚಿ ಸರಿದ ಸದ್ದಾಯಿತು. ಮೊದಲು ಎದ್ದವನು ಮಗ್ಗುಲ ಬಾಗಿಲನ್ನು ತೆರೆದು, ಮುಚ್ಚಿಕೊಳ್ಳದಂತೆ ಕೊಕ್ಕೆ ಹಾಕಿದ. ಹೊರಗಿನ ಬೆಳಕಿನ ಒಂದು ಪಟ್ಟಿ ಒಳಗೆ ಬಿತ್ತು. ಅದರಲ್ಲಿ ನೀಲಿ ಕೋಟುಗಳು ಒಂದರ ಹಿಂದೊಂದು ದಾಟಿದವು. ಯಾರೂ ಓಡಲಿಲ್ಲ, ಮಾತಾಡಲಿಲ್ಲ. ಕಣ್ಣು ಕಾಣದವನು ಮುಂದಿನವನ ಭುಜದ ಮೇಲೆ ಕೈಯಿಟ್ಟಿದ್ದ. ಮಂಡಿ ಹೋದವನನ್ನು ಇಬ್ಬರು ಕಂಕುಳಲ್ಲಿ ಹಿಡಿದಿದ್ದರು. ಚೀಲ, ಛತ್ರಿ, ಕೋಲು ಎಲ್ಲ ಕುರ್ಚಿಯ ಕೆಳಗೇ ಉಳಿದವು. ಕೊನೆಯವನು ದಾಟಿದ ಮೇಲೆ ವಾದ್ಯದವರಲ್ಲಿ ಒಬ್ಬ, ಚಿತ್ರಕ್ಕೆ ತೊಂದರೆಯಾಗುತ್ತದೆಂದು ಬಾಗಿಲು ಮುಚ್ಚಿ ತನ್ನ ದೊಡ್ಡ ಡೋಲನ್ನು ಅದಕ್ಕೆ ಒರಗಿಸಿದ.

ದೀಪ ಹತ್ತಿತು. ಮಂತ್ರಿಗಳು ಹಾಳೆಯ ಮೇಲೆ ಕಣ್ಣಿಟ್ಟು, ನಮ್ಮ ನಡುವೆ ಕುಳಿತಿರುವ ಈ ವೀರರಿಗೆ ತಲೆಬಾಗುತ್ತೇನೆ ಎಂದು ಓದಿದರು. ನಮ್ಮ ನಡುವೆ ಅಪ್ಪ ಒಬ್ಬನೇ ಕುಳಿತಿದ್ದ. ಸುತ್ತ ಖಾಲಿ ಕುರ್ಚಿಗಳು. ಏಳಲು ಅವನಿಗೆ ಉಸಿರಿರಲಿಲ್ಲ.

ಹೊರಗೆ ಅವರು ತಲೆ ಎಣಿಸಿದ್ದಾರೆ. ಒಂದು ಕಡಿಮೆ. ಮಗ್ಗುಲ ಬಾಗಿಲು ನೂಕಿದರು, ಡೋಲು ಬಿಡಲಿಲ್ಲ. ಹಾಗಾಗಿ ಮೇಸ್ತ್ರಿ ದೊಡ್ಡಪ್ಪ ಮತ್ತು ಸಪ್ಪೆ ಚಿಕ್ಕಪ್ಪ ಸುತ್ತು ಬಳಸಿ, ವೇದಿಕೆಯ ಪಕ್ಕದ ಮುಖ್ಯ ಬಾಗಿಲಿನಿಂದ ಒಳಗೆ ಬಂದರು. ನಡುವಿನ ದಾರಿಯಲ್ಲಿ ನೆಟ್ಟಗೆ ಹಿಂದಕ್ಕೆ ನಡೆದರು. ಅಪ್ಪನನ್ನು ಕುರ್ಚಿಯ ಸಮೇತ ಎತ್ತಿದರು. ಬಂದ ದಾರಿಯಲ್ಲೇ ವಾಪಸು ಹೊರಟರು. ಎತ್ತಿದವರಿಬ್ಬರೂ ಎಂಬತ್ತು ದಾಟಿದವರು. ಕುರ್ಚಿ ಓಲಾಡುತ್ತಿತ್ತು. ಅಪ್ಪ ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಿದ್ದ. ದಾರಿಗೆ ಕಾಲು ಚಾಚಿದ್ದ ನೌಕಾಪಡೆಯ ಹಿರಿಯ ಅಧಿಕಾರಿಗೆ ಸಪ್ಪೆ ಚಿಕ್ಕಪ್ಪ, ಸ್ವಲ್ಪ ಕಾಲು ಎಳ್ಕೊಳ್ಳಿ ಎಂದ. ಅವರು ಎಳೆದುಕೊಂಡರು. ವೇದಿಕೆಯ ಮುಂದೆ ಬಂದಾಗ ಅಪ್ಪ ಮಂತ್ರಿಗಳಿಗೆ ತಲೆಯಾಡಿಸಿದ. ಮಂತ್ರಿಗಳು ಒಂದು ಕ್ಷಣ ನಿಲ್ಲಿಸಿ ಭಾಷಣ ಮುಂದುವರಿಸಿದರು.

ನಾನು ಗ್ಯಾಲರಿಯ ಮೆಟ್ಟಿಲಿಳಿದು ಹೊರಗೆ ಓಡಿದೆ. ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಸಾಲಿನ ತುದಿಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಅಪ್ಪ. ಮೇಸ್ತ್ರಿ ದೊಡ್ಡಪ್ಪ ಮತ್ತೆ ಎಣಿಸಿದ. ಸರಿಹೋಯಿತು. ಆಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಇಳಿಸಲು ದೋಣಿಗಳಿರಲಿಲ್ಲ. ಅಂಗಳದಲ್ಲಿ ಮಂತ್ರಿಗಳ ಕಾರು ನಿಂತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಸಪ್ಪೆ ಚಿಕ್ಕಪ್ಪ. ಆಮೇಲೆ ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಒಳಗೆ ಹೋಗಿ ಕೂರೋಣ, ಪಾಪ, ಕಾಯ್ತಿರ್ತಾರೆ ಎಂದು ಮೇಸ್ತ್ರಿ ದೊಡ್ಡಪ್ಪ ಹೊರಟ. ಅಷ್ಟರಲ್ಲಿ ಕಾವಲಿನವರು ಬಾಗಿಲು ಹಾಕಿಯಾಗಿತ್ತು. ಗಲಾಟೆ ಮಾಡುವವರಿಗೆ ಪ್ರವೇಶವಿಲ್ಲ ಎಂದರು.

ಮರುದಿನ ಪತ್ರಿಕೆಗಳಲ್ಲಿ ಅದೇ. ಸರ್ಕಾರಕ್ಕೆ ನಾವಿಕರ ಬಹಿಷ್ಕಾರ. ಕುರ್ಚಿಯಲ್ಲಿ ಅಪ್ಪನ ಫೋಟೋ ಮುಖಪುಟದಲ್ಲೇ ಬಂದಿತ್ತು. ಹಿಂದೆ ಮಂತ್ರಿಗಳ ಬಾಯಿ ತೆರೆದಿತ್ತು. ವಿರೋಧ ಪಕ್ಷದವರು ಅಭಿನಂದಿಸಿದರು. ಬಹಿಷ್ಕಾರ ಮಾಡಿದ್ದೇವೆಂದು ನಮ್ಮವರಿಗೆ ತಿಳಿದದ್ದೇ ಹಾಗೆ. ಮಂತ್ರಿಗಳು ರಿಬ್ಬನ್ ಕತ್ತರಿಸಲು ಬರಲಿಲ್ಲ.

ಆಸ್ಪತ್ರೆಯ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಒದ್ದೆ ಕೈಯಲ್ಲೇ ಹೋದೆ. ಸಮಾರಂಭದ ಅಧಿಕಾರಿಯೂ ಅಲ್ಲಿದ್ದ. ಅವನ ಕೆಲಸ ಹೋಗುವ ಹಾಗಿತ್ತು, ಮುಖ ಸಣ್ಣದಾಗಿತ್ತು. ಇದು ಬಹಿಷ್ಕಾರವಲ್ಲ, ಮುದುಕರಿಗೆ ಸೈರನ್ ಕೇಳಿ ಬುದ್ಧಿ ಗೊಂದಲವಾಯಿತು, ಇಷ್ಟು ಹೇಳಿಬಿಟ್ಟರೆ ಸಾಕು ಎಂದರು. ಎಲ್ಲರೂ ಬೇಡ, ಫೋಟೋದಲ್ಲಿರುವ ನಿಮ್ಮಪ್ಪ ಒಬ್ಬರು ಕ್ಯಾಮೆರಾದ ಮುಂದೆ ಹೇಳಲಿ. ಆಮೇಲೆ ಅದೇ ದಿನ ಹಾಸಿಗೆ. ಹೇಳದಿದ್ದರೆ ಹಾಸಿಗೆಯ ವಿಷಯವನ್ನು ಮರೆತುಬಿಡಿ.

ನನಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ನಡೆದದ್ದೂ ಹೆಚ್ಚುಕಡಿಮೆ ಅದೇ ತಾನೇ. ಸಂಘದ ಕೋಣೆಗೆ ಹೋಗಿ ಹೇಳಿದೆ. ಸೈರನ್ ಕೂಗಿದ್ದು ಅವರು, ಬುದ್ಧಿ ಕೆಟ್ಟಿದ್ದು ನಮಗಾ ಎಂದು ಒಬ್ಬ ರೇಗಿದ. ನಾನೂ ರೇಗಿದೆ. ನಿಮ್ಮ ಮರ್ಯಾದೆ ಇಟ್ಟುಕೊಂಡು ನೀವಿರಿ, ರಾತ್ರಿಯೆಲ್ಲ ಎದೆ ನೀವುತ್ತಾ ಕೂರುವವಳು ನಾನು ಎಂದೆ. ಉಸಿರು ಅವನದು, ಅವನೇ ಹೇಳಲಿ ಎಂದು ಮೇಸ್ತ್ರಿ ದೊಡ್ಡಪ್ಪ ಎದ್ದುಹೋದ. ಅಪ್ಪ ನನ್ನ ಮುಖ ನೋಡಿದ. ಆಗಲಿ ಎಂದ. ನಾನು ಅವನ ತಲೆ ಬಾಚಿದೆ.

ಅಧಿಕಾರಿ ಕ್ಯಾಮೆರಾದವನನ್ನು ಕರೆದುಕೊಂಡು ಅಲ್ಲಿಗೇ ಬಂದ. ಅಪ್ಪನನ್ನು ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಉಳಿದವರು, ವಾಪಸು ಬಂದ ಮೇಸ್ತ್ರಿ ದೊಡ್ಡಪ್ಪನೂ ಸಪ್ಪೆ ಚಿಕ್ಕಪ್ಪನೂ ಸೇರಿ, ಬಾಗಿಲ ಬಳಿ ನಿಂತರು.

"ತಾತ, ಸೈರನ್ ಕೇಳಿದ್ರಿ. ಹಡಗು ಮುಳುಗ್ತಿದೆ ಅನ್ನಿಸ್ತು. ವಯಸ್ಸಾಯ್ತಲ್ಲ, ಗೊಂದಲ ಆಯ್ತು. ಹೌದಲ್ವಾ?"

"ಅಲ್ಲ" ಎಂದ ಅಪ್ಪ.

ಅಧಿಕಾರಿ ನನ್ನ ಕಡೆ ನೋಡಿದ. ನಾನು ಅಪ್ಪನ ಕಡೆ ನೋಡಿದೆ.

"ಮತ್ತೆ ಯಾಕೆ ಎದ್ದು ಹೋದ್ರಿ?"

"ನಾನು ಏಳ್ಲಿಲ್ಲ. ಕೂತೇ ಇದ್ದೆ." ಅಪ್ಪ ಉಸಿರಿಗಾಗಿ ಮಾತು ನಿಲ್ಲಿಸಿದ. ಒಂದು ಮಾತಿಗೆ ಎರಡು ಸಲ ಎಳೆದುಕೊಳ್ಳಬೇಕಿತ್ತು. "ಗೋದಾಮು ಅಂತ ಗೊತ್ತಿತ್ತು. ಎದುರಿಗೆ ಮಂತ್ರಿಗಳು ಅಂತಾನೂ ಗೊತ್ತಿತ್ತು. ಸೈರನ್ ಆಯ್ತಲ್ಲ, ಕೆಳಗೆ ಒಬ್ಬ ಉಳಿದಿದಾನೆ. ಯಾರಾದ್ರೂ ಬರ್ತಾರಾ ಅಂತ ನೋಡ್ತಿದ್ದೆ."

ಸ್ಟೋವಿನ ಮೇಲೆ ನೀರು ಕುದಿಯುತ್ತಿತ್ತು.

"ಇವರಿಬ್ಬರು ಬಂದ್ರು. ನಿಮ್ಮವರು ಭಾಷಣ ಮಾಡ್ತಿದ್ರು."

ಅಧಿಕಾರಿ ಕ್ಯಾಮೆರಾ ನಿಲ್ಲಿಸಲು ಹೇಳಿದ. ಅಪ್ಪನ ಮುಂದೆ ಮಂಡಿಯೂರಿ ಕುಳಿತ. ಅವನ ದನಿಯಲ್ಲಿ ನಿಜವಾಗಿಯೂ ಬೇಡಿಕೆಯಿತ್ತು. ಅದೆಲ್ಲ ಬೇಡ ತಾತ, ಗೊಂದಲ ಆಯ್ತು ಅನ್ನಿ ಸಾಕು, ಇವತ್ತು ಸಂಜೆಗೇ ಹಾಸಿಗೆ ಎಂದ.

"ಇವತ್ತು ಗೊಂದಲ ಅಂತೀನಿ. ನಾಳೆ ಆ ಹಡಗೂ ಮುದುಕನ ಗೊಂದಲ ಅಂತೀರಿ. ಒಳಗೆ ಸತ್ತವನೂ ಗೊಂದಲ ಅಂತೀರಿ." ಅಪ್ಪ ಕೆಮ್ಮಿದ. ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾದರು. "ಅನ್ನಲ್ಲ."

ಹಾಸಿಗೆ ಹೋಯಿತು ಎಂದುಕೊಂಡೆ. ಸಿಟ್ಟು ಬಂತು. ಆದರೆ ಆ ಸಿಟ್ಟು ಅಪ್ಪನ ಮೇಲಿರಲಿಲ್ಲ. ಅಪ್ಪನಿಗೆ ಹುಚ್ಚು ಎಂದು ಹೇಳಿಸಿ ಹಾಸಿಗೆ ಕೊಡುವವರ ಮೇಲಿತ್ತು. ಅವರ ಜೊತೆ ಸೇರಿ ಅವನ ತಲೆ ಬಾಚಿದ ನನ್ನ ಕೈಯ ಮೇಲಿತ್ತು.

ಮಾರನೆಯ ಬೆಳಿಗ್ಗೆ ಅಪ್ಪನ ತುಟಿ ಮತ್ತೆ ನೀಲಿಯಾಯಿತು. ದೊಡ್ಡಾಸ್ಪತ್ರೆಯ ಸಿಲಿಂಡರಿನ ಸರದಿಗೆ ನಾನು ಹೋಗಲಿಲ್ಲ. ಆಸ್ಪತ್ರೆಯ ಒಗೆಯುವ ಕಟ್ಟೆಯಲ್ಲಿ ನನ್ನ ಜೊತೆ ದುಡಿಯುವ ಹೆಂಗಸರಿಗೆ ಹೇಳಿ ಕಳಿಸಿದೆ. ಅವರು ಬಟ್ಟೆ ಸಾಗಿಸುವ ತಳ್ಳುಗಾಡಿಯನ್ನೇ ಮನೆ ಬಾಗಿಲಿಗೆ ತಂದರು. ಒಗೆದ ಕಂಬಳಿ ಹಾಸಿ ಅಪ್ಪನನ್ನು ಮಲಗಿಸಿ ಸೈನಿಕರ ಆಸ್ಪತ್ರೆಯ ಕಡೆಗೆ ತಳ್ಳಿದೆವು. ಸಂಘದವರೆಲ್ಲ ಜೊತೆಗೆ ನಡೆದರು. ಕೋಟುಗಳನ್ನು ಇನ್ನೂ ವಾಪಸು ಕೊಟ್ಟಿರಲಿಲ್ಲ. ಆಸ್ಪತ್ರೆಯ ಕಾವಲಿನವನು ಗುಂಡಿಗಳ ಮೇಲಿನ ತುತ್ತೂರಿ ನೋಡಿ, ವಾದ್ಯದವರು ಬಂದರು, ಉದ್ಘಾಟನೆ ಇವತ್ತೇ ಇರಬೇಕು ಎಂದುಕೊಂಡು ಎರಡೂ ಬಾಗಿಲು ತೆರೆದ.

ರಿಬ್ಬನ್ ಹಾಗೇ ಇತ್ತು. ನಾನು ಬಿಚ್ಚಿದೆ. ಕತ್ತರಿಸಲಿಲ್ಲ, ಒಳ್ಳೆಯ ರಿಬ್ಬನ್. ಅಪ್ಪನನ್ನು ಹಾಸಿಗೆಯ ಮೇಲೆ ಹಾಕಿದೆವು. ವಾರ್ಡಿನ ನರ್ಸು ಓಡಿ ಬಂದು ಬೈಯಲು ಬಾಯಿ ತೆರೆದಳು. ಅಪ್ಪನ ತುಟಿ ನೋಡಿದಳು. ಬೈಯುವುದನ್ನು ಬಿಟ್ಟು ಮೊದಲು ನಳಿಗೆ ಜೋಡಿಸಿದಳು. ಆಮೇಲೆ ಬೈದಳು. ಪಕ್ಕದ ಹಾಸಿಗೆಯಲ್ಲಿ ಕಾಲಿಲ್ಲದ ಮುದುಕ ಸೈನಿಕನೊಬ್ಬ ಇದ್ದ. ಗೊರಕೆ ಹೊಡೀತೀರಾ ಎಂದು ಅಪ್ಪನನ್ನು ಕೇಳಿದ. ಕೆಮ್ಮುತ್ತೀನಿ ಎಂದ ಅಪ್ಪ. ಹಾಗಿದ್ರೆ ಪರವಾಗಿಲ್ಲ ಎಂದು ಅವನು ಮಗ್ಗುಲಾದ.

ದೊಡ್ಡ ಡಾಕ್ಟರು ಬಂದರು. ಅವರ ಹಿಂದೆ ಗುಮಾಸ್ತ. ಡಿಸ್ಚಾರ್ಜ್ ಮಾಡಿ ಕಳಿಸಿ ಎಂದರು. ಗುಮಾಸ್ತ ತಲೆ ಕೆರೆದುಕೊಂಡ. ಡಿಸ್ಚಾರ್ಜ್ ಮಾಡಬೇಕಾದರೆ ಅಡ್ಮಿಟ್ ಆಗಿರಬೇಕು, ಇವರು ಆಗಿಲ್ಲ ಎಂದ. ಹಾಗಾದರೆ ಎತ್ತಿ ಹೊರಗೆ ಹಾಕಿ ಎಂದರು. ಆಳುಗಳು ನರ್ಸಿನ ಮುಖ ನೋಡಿದರು. ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರು ಬರೆದುಕೊಡದೆ ತೆಗೆಯುವ ಹಾಗಿಲ್ಲ ಎಂದು ಅವಳು ಪೆನ್ನು ಚಾಚಿದಳು. ಪತ್ರಿಕೆಯಲ್ಲಿ ಫೋಟೋ ಬಂದ ಮುದುಕ. ಡಾಕ್ಟರು ಪೆನ್ನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, ನೀನೇ ತಂದದ್ದು, ನೀನೇ ತೆಗೆದುಕೊಂಡು ಹೋಗು ಎಂದರು.

"ನಾನು ಬಟ್ಟೆ ಒಗೆಯೋಳು ಸಾರ್" ಎಂದೆ. "ಪೇಷಂಟನ್ನ ಎತ್ತೋದು ನನ್ನ ಕೆಲಸ ಅಲ್ಲ."

ಕೆಲಸ ಹೋಗುತ್ತದೆ ಎಂದರು. ಹೋಗಲಿ ಎಂದೆ. ನನ್ನ ಹಿಂದೆ ಒಗೆಯುವ ಕಟ್ಟೆಯ ಹೆಂಗಸರೆಲ್ಲ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಕೆಳಗೆ ಕೊಪ್ಪರಿಗೆಗಳ ಕೆಳಗಿನ ಉರಿಯನ್ನು ಆರಿಸಿ ಬಂದಿದ್ದರು. ಡಾಕ್ಟರು ಅವರನ್ನು ನೋಡಿದರು, ಬಾಗಿಲ ಬಳಿ ಬಿದ್ದಿದ್ದ ಮೈಲಿಗೆ ಬಟ್ಟೆಗಳ ಗಂಟುಗಳನ್ನು ನೋಡಿದರು. ಫೋನ್ ಮಾಡಿ ಬರುತ್ತೇನೆ ಎಂದು ಹೋದರು. ಯಾರಿಗೆ ಮಾಡಿದರೋ, ಆ ದಿನ ಮತ್ತೆ ಬರಲಿಲ್ಲ. ನಾವು ಕೆಳಗೆ ಹೋಗಿ ಉರಿ ಹಾಕಿದೆವು.

ಮರುದಿನ ಆ ವಾರ್ಡಿನಿಂದ ಬಂದ ಗಂಟಿನಲ್ಲಿ ಅಪ್ಪನ ಬೆಡ್‌ಶೀಟು ಇತ್ತು. ಎದೆಯ ಹತ್ತಿರ ಕಫದ ಕಲೆ, ಕಲ್ಲಿದ್ದಲಿನ ಬಣ್ಣ. ಇಷ್ಟು ವರ್ಷವಾದರೂ ಅವನೊಳಗೆ ಆ ಹಡಗಿನದು ಇನ್ನೂ ಉಳಿದಿತ್ತು. ಕುದಿಸಿದೆ, ಉಜ್ಜಿದೆ. ಪೂರ್ತಿ ಹೋಗಲಿಲ್ಲ. ಒಣಗಿಸಿ, ಇಸ್ತ್ರಿ ಮಾಡಿ, ಕಲೆ ಮೇಲೆ ಕಾಣುವ ಹಾಗೆ ಮಡಚಿ, ಸೈನಿಕರ ಬೆಡ್‌ಶೀಟುಗಳ ನಡುವೆ ಇಟ್ಟೆ.